ಮಾವನ ಪಾಲಿನ ಹುಡ್ಡು

ಆ ಊರಿನಲ್ಲಿ ಯಾರು ಎಲ್ಲಿ ಕೂತರೂ ಆ ಜಾಗದಲ್ಲಿ ಅವರಿಗಿಂತ ಮೊದಲು ಮಾವ ಕೂತು ಎದ್ದಿರುತ್ತಿದ್ದರು. ಸಿನಿಮಾ ಮಂದಿರದ ಕುರ್ಚಿಗಳು, ಬಸ್ಸಿನ ಸೀಟುಗಳು, ಕ್ಷೌರದಂಗಡಿಯ ತಿರುಗುವ ಕುರ್ಚಿ, ಹಲ್ಲಿನ ಡಾಕ್ಟರ ಒರಗುವ ಕುರ್ಚಿ, ಎಲ್ಲವೂ ಅವರ ಕೈಯಲ್ಲೇ ಹೊಲಿಸಿಕೊಂಡವು. ಹೊಲಿಗೆ ಮುಗಿದ ಮೇಲೆ ಅದರಲ್ಲಿ ಕೂತು, ಕಣ್ಣು ಮುಚ್ಚಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ವಾಲಿ, "ಹೂಂ, ಇನ್ನು ಯಾರು ಬೇಕಾದ್ರೂ ಬಂದು ಹಲ್ಲು ಕೀಳಿಸ್ಕೊಂಡು ಹೋಗ್ಲಿ" ಎಂದು ಎದ್ದರೆ ಕೆಲಸ ಮುಗಿಯಿತು ಎಂದು ಅರ್ಥ. ಊರಿಗೆಲ್ಲ ಅವರು ಸೀಟ್ ಮಾಸ್ಟರು. ಮನೆಯಲ್ಲಿ ಮಾತ್ರ ಅತ್ತೆಯ ಬಾಯಲ್ಲಿ "ನಿಂತ ಕಡೆ ನಿಲ್ಲದ ಮನುಷ್ಯ".

ಅವರ ಅಂಗಡಿ ಎಂದರೆ ಮನೆಯ ಕೆಳಗಿನ ಉದ್ದನೆಯ ಕೋಣೆ. ಬೀದಿಯ ಕಡೆಗೆ ಬಾಗಿಲು, ಹಿಂದೆ ಅಂಗಳ. ಒಳಗೆ ಕಾಲಿಟ್ಟರೆ ಹೊಸ ರೆಕ್ಸಿನ್ನಿನದೂ ಗೋಂದಿನದೂ ವಾಸನೆ. ನಡುವೆ ಕತ್ತರಿಸುವ ಮೇಜು, ಅದರ ಮೇಲೆ ಸೀಮೆಸುಣ್ಣದ ಗೆರೆಗಳು, ಪಕ್ಕದಲ್ಲಿ ಆನೆಯಂತೆ ಕೂತ ಹೊಲಿಗೆ ಯಂತ್ರ. ಮಾವ ಕೆಲಸ ಮಾಡುವಾಗ ತುಟಿಗಳ ನಡುವೆ ಸಣ್ಣ ಮೊಳೆಗಳನ್ನು ಕಚ್ಚಿಕೊಂಡಿರುತ್ತಿದ್ದರು. ಯಾರು ಏನು ಕೇಳಿದರೂ "ಹೂಂ", "ಉಹುಂ" ಅಷ್ಟೇ. ಮದುವೆಯಾಗಿ ಬಂದ ಹೊಸತರಲ್ಲಿ ಸೊಸೆಗೆ ಇದು ಗೊತ್ತಿರಲಿಲ್ಲ. ಮಾವನಿಗೆ ತನ್ನ ಮೇಲೆ ಸಿಟ್ಟೇನೋ, ಮಾತೇ ಆಡುವುದಿಲ್ಲವಲ್ಲ ಎಂದು ಕೊರಗಿ ಗಂಡನ ಹತ್ತಿರ ಹೇಳಿಕೊಂಡಳು. ಅವನು ಬಿದ್ದು ಬಿದ್ದು ನಕ್ಕ. "ಅಪ್ಪ ಬಾಯಿ ಬಿಟ್ರೆ ಮೊಳೆ ನುಂಗ್ತಾರೆ ಕಣೇ. ಊಟಕ್ಕೆ ಕೂತಾಗ ಮಾತಾಡ್ಸು."

ಕೊರಗುವುದು ಸೊಸೆಗೆ ಹೊಸದೇನಲ್ಲ. ದೊಡ್ಡ ಊರಿನಲ್ಲಿ ಓದಿ ಬೆಳೆದವಳು. ಯಾವ ಕಾಯಿಲೆ ಹೇಗೆ ಶುರುವಾಗುತ್ತದೆ ಎಂಬುದನ್ನೆಲ್ಲ ಓದಿ ತಿಳಿದುಕೊಂಡು, ತಿಳಿದುಕೊಂಡದ್ದಕ್ಕಾಗಿಯೇ ನಿದ್ದೆಗೆಡುವವಳು. ಮಗಳು ಪುಟ್ಟಿ ಹುಟ್ಟಿದ ಮೇಲಂತೂ ಕೇಳುವುದೇ ಬೇಡ. ಮಗು ಕೆಮ್ಮಿದರೆ ಭಯ, ಕೆಮ್ಮದೆ ಮಲಗಿದರೆ ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಮೂಗಿನ ಬಳಿ ಬೆರಳಿಟ್ಟು ನೋಡುವಷ್ಟು ಭಯ. ಪುಟ್ಟಿಯ ಎದೆಯೂ ತಾಯಿಗೆ ಒಂದಿಷ್ಟು ಕಾರಣ ಕೊಟ್ಟಿತ್ತು ಎನ್ನಿ. ತಣ್ಣನೆ ಗಾಳಿ ಸೋಕಿದರೆ ಸಾಕು, ಒಳಗೆ ಯಾರೋ ಸಿಳ್ಳೆ ಹಾಕಿದಂತೆ ಸದ್ದು ಶುರುವಾಗುತ್ತಿತ್ತು.

ಸೊಸೆ ಕೊರಗಿದಾಗಲೆಲ್ಲ ಮಾವ ಹೊಲಿಯುತ್ತಿದ್ದರು. ಸಮಾಧಾನ ಹೇಳಿದವರಲ್ಲ, "ಏನೂ ಆಗಲ್ಲ ಬಿಡಮ್ಮ" ಎಂದು ತಳ್ಳಿ ಹಾಕಿದವರೂ ಅಲ್ಲ. ಮೇಜಿನ ಮೂಲೆ ಮಗುವಿನ ಹಣೆಗೆ ತಾಗೀತು ಎಂದು ಅವಳು ಬೆಳಗ್ಗೆ ಹೇಳಿದ್ದರೆ ಸಂಜೆ ಮನೆಯ ಮೇಜುಗಳ ಮೂಲೆಗೆಲ್ಲ ಮೆತ್ತನೆ ಟೊಪ್ಪಿಗೆ. ಹಾಸಿಗೆ ಒದ್ದೆಯಾಗಿ ಮಗುವಿಗೆ ಥಂಡಿಯಾದೀತು ಎಂದರೆ ನೀರು ಇಳಿಯದ ಹಾಸು. ಕಿಟಕಿಯಿಂದ ಎರಚಲು ಬರುತ್ತದೆ ಎಂದರೆ ಕಿಟಕಿಗೆ ಸುತ್ತಿ ಕಟ್ಟಬಹುದಾದ ಪರದೆ. ಎಲ್ಲವೂ ಒಂದೇ ಬಟ್ಟೆಯವು: ಹೊರಗೆ ಕಂದು, ಒಳಗೆ ಕೆಂಪು, ನಡುವೆ ರಬ್ಬರಿನ ತೆಳು ಪದರ ಇರುವ ದಪ್ಪ ಕ್ಯಾನ್ವಾಸು.

"ಯಾವ ಬಟ್ಟೆ ಮಾವ ಇದು? ಎಷ್ಟು ಚೆನ್ನಾಗಿದೆ" ಎಂದು ಸೊಸೆ ಒಮ್ಮೆ ಕೇಳಿದ್ದಳು. ಮಾವನ ಬಾಯಲ್ಲಿ ಮೊಳೆಗಳಿದ್ದವು. "ಹೂಂ" ಎಂದರು.

ಅಂಗಳದಲ್ಲಿ ಒಂದು ಕಾರಿತ್ತು. ಬಹಳ ಹಿಂದೆ ಯಾರೋ ಹುಡ್ಡು ಹೊಲಿಸಲೆಂದು ತಂದು ಬಿಟ್ಟು, ಊರನ್ನೇ ಬಿಟ್ಟು ಹೋಗುವಾಗ "ನೀವೇ ಇಟ್ಕೊಳ್ಳಿ ಮಾಸ್ಟರೇ, ನನಗೆ ಇನ್ನು ಇದರ ಸಹವಾಸ ಬೇಡ" ಎಂದು ಬಿಟ್ಟುಕೊಟ್ಟ ಹಳೆಯ ಹಸಿರು ಕಾರು. ಮೇಲೆ ತಗಡಿನ ಚಾವಣಿ ಇಲ್ಲ. ಬೇಕಾದಾಗ ಎಳೆದುಕೊಳ್ಳಲು ಹಿಂಬದಿಯಲ್ಲಿ ಮಡಚಿಟ್ಟ ಕಬ್ಬಿಣದ ಕಮಾನುಗಳು ಮಾತ್ರ. ಅವುಗಳ ಮೇಲೆ ಹೊದಿಸಬೇಕಾದ ಬಟ್ಟೆ, ಅಂದರೆ ಹುಡ್ಡು, ಎಂದೋ ಚಿಂದಿಯಾಗಿ ಹೋಗಿತ್ತು. ಮಾವ ಗೆಳೆಯನಾದ ಮೆಕ್ಯಾನಿಕ್‌ನನ್ನು ಕಾಡಿ ಬೇಡಿ ಎಂಜಿನ್ ಸರಿಮಾಡಿಸಿದ್ದರು. ಸೀಟುಗಳನ್ನು ಹೊಲಿದ ಚೆಂದವನ್ನು ನೋಡಲೆಂದೇ ಜನ ಅಂಗಳಕ್ಕೆ ಬರುತ್ತಿದ್ದರು. ಹುಡ್ಡು ಮಾತ್ರ ಆಗಿರಲಿಲ್ಲ. ಊರಿನವರ ಕೆಲಸ ಮುಗಿಯಲಿ, ಆಮೇಲೆ ನನ್ನದು ಎಂದು ಮಾವ ಮುಂದೂಡುತ್ತಲೇ ಬಂದಿದ್ದರು. "ಊರವರ ತಲೆಗೆಲ್ಲ ನೆರಳು ಮಾಡ್ತಾರೆ, ನಮ್ಮ ತಲೆಗೆ ಬಿಸಿಲೇ ಗತಿ" ಎಂದು ಅತ್ತೆ ಆ ಕಾರಿನಲ್ಲಿ ಕೂರುವುದನ್ನೇ ಬಿಟ್ಟಿದ್ದರು.

ಮಾವನಿಗೆ ಇದ್ದದ್ದು ಒಂದೇ ಆಸೆ. ಮೊಮ್ಮಗಳನ್ನು ಆ ಕಾರಿನಲ್ಲಿ ಕೂರಿಸಿಕೊಂಡು ಊರೆಲ್ಲ ಒಂದು ಸುತ್ತು ಬರಬೇಕು. ಪುಟ್ಟಿಗೂ ಅದೇ ಜಪ. ಶಾಲೆಯಿಂದ ಬಂದವಳೇ ಅಂಗಳಕ್ಕೆ ಓಡಿ, ನಿಂತ ಕಾರಿನಲ್ಲಿ ಕೂತು "ಪೋಂ ಪೋಂ" ಎನ್ನುವಳು.

"ಚಾವಣಿ ಇಲ್ಲದ ಕಾರಲ್ಲಿ ಈ ಮಗುವನ್ನಾ?" ಎಂದು ಸೊಸೆ ಪ್ರತಿ ಸಲವೂ ಬೆಚ್ಚುತ್ತಿದ್ದಳು. "ಗಾಳಿ ಎದೆಗೆ ಹೊಡೆದ್ರೆ ಮಾವ? ಧೂಳು? ಮಳೆ ಬಂದ್ರೆ?"

ಮಾವನ ಮುಖ ಸಪ್ಪಗಾಗುತ್ತಿತ್ತು. ಒಂದು ದಿನ, ಬಾಯಲ್ಲಿ ಮೊಳೆಗಳಿಲ್ಲದ ಹೊತ್ತು ನೋಡಿ, ಅವರೇ ಕೇಳಿದರು. "ಯಾವಾಗ ಬಿಡ್ತೀಯಮ್ಮ, ಹೇಳಿಬಿಡು. ಕಾಯ್ತೀನಿ."

ಅವರ ದನಿಯಲ್ಲಿ ಮಗುವಿನಂಥ ಏನೋ ಇತ್ತು. ಸೊಸೆಗೆ ಇಲ್ಲ ಎನ್ನಲಾಗಲಿಲ್ಲ. ಹೂಂ ಎನ್ನಲೂ ಧೈರ್ಯವಿಲ್ಲ. "ಎದೆ ಪೂರ್ತಿ ವಾಸಿ ಆಗಿದೆ ಅಂತ ಡಾಕ್ಟ್ರು ಹೇಳಿದ ದಿನ. ಆದ್ರೆ ಮಾವ, ಹುಡ್ಡು ಇರಬೇಕು. ಅವಳ ಮೇಲೆ ಒಂದೇ ಒಂದು ಹನಿ ಬಿದ್ರೂ ಅದೇ ಕೊನೆ. ಆಮೇಲೆ ನೀವು ಕೇಳಬಾರದು, ನಾನು ಕಳಿಸಬಾರದು."

"ಒಂದು ಹನಿ" ಎಂದರು ಮಾವ, ಗಿರಾಕಿ ಕೊಟ್ಟ ಅಳತೆಯನ್ನು ಮನಸ್ಸಿನಲ್ಲಿ ಬರೆದುಕೊಳ್ಳುವವರಂತೆ. "ಸರಿ."

ಅಂದಿನಿಂದ ಅಂಗಡಿಯ ಬಾಗಿಲು ಅರ್ಧ ಮುಚ್ಚಿಯೇ ಇತ್ತು. ಯಂತ್ರದ ಸದ್ದು ಊಟದ ಹೊತ್ತಿಗೂ ನಿಲ್ಲುತ್ತಿರಲಿಲ್ಲ. ಸೊಸೆ ಇಣುಕಿದರೆ ಮಾವ ಮೇಜಿಗೆ ಅಡ್ಡ ನಿಲ್ಲುತ್ತಿದ್ದರು.

ಆ ದಿನ ಬಂತು. ಡಾಕ್ಟರು ಪುಟ್ಟಿಯ ಬೆನ್ನಿಗೂ ಎದೆಗೂ ಕೊಳವೆ ಇಟ್ಟು ಕೇಳಿ, "ಏನಿಲ್ಲಮ್ಮ, ಎದೆ ಕನ್ನಡಿ ಹಾಗಿದೆ. ಓಡಾಡೋಕೆ ಬಿಡಿ" ಎಂದರು. ಸೊಸೆ ಮತ್ತೊಮ್ಮೆ ಕೇಳಿಸಿದಳು. ಡಾಕ್ಟರು ನಗುತ್ತಾ ಮತ್ತೊಮ್ಮೆ ಕೇಳಿದರು. ಆಮೇಲೆ ಮನೆಗೊಂದು ಫೋನ್ ಮಾಡಿ ಸುದ್ದಿ ಹೇಳಿದ್ದೇ ತಡ, ಬಸ್ಸಿಗೆಂದು ಹೊರಗೆ ಬರುವಷ್ಟರಲ್ಲಿ ಆಸ್ಪತ್ರೆಯ ಬಾಗಿಲಲ್ಲಿ ಹಸಿರು ಕಾರು ನಿಂತಿತ್ತು. ತೊಳೆದು ಒರೆಸಿ ಲಕಲಕ ಹೊಳೆಯುತ್ತಿತ್ತು. ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿ, ಉಳಿದ ನಾಲ್ಕು ಕೂದಲಿಗೂ ಎಣ್ಣೆ ಹಚ್ಚಿ ಬಾಚಿಕೊಂಡು, ಮದುಮಗನಂತೆ ಬಾಗಿಲು ಹಿಡಿದು ನಿಂತಿದ್ದರು.

"ತಾತಾ!" ಎಂದು ಪುಟ್ಟಿ ಮೆಟ್ಟಿಲು ಹಾರಿದಳು.

ಸೊಸೆ ಆಕಾಶ ನೋಡಿದಳು. ತೊಳೆದಿಟ್ಟ ತಟ್ಟೆಯಂತಿತ್ತು. ಕಾರಿನ ಹಿಂಬದಿಯಲ್ಲಿ ಕಂದು ಬಟ್ಟೆ ನೀಟಾಗಿ ಮಡಚಿ ಕೂತಿತ್ತು. "ಹುಡ್ಡು ಆಯ್ತಾ ಮಾವ?"

"ಇದೆಯಲ್ಲಮ್ಮ" ಎಂದರು ಮಾವ, ಅವಳ ಮುಖ ನೋಡದೆ.

ತಾಯಿ ಮಗಳು ಹಿಂದಿನ ಸೀಟಿನಲ್ಲಿ ಕೂತರು. ಸೊಸೆಯ ಚೀಲದಲ್ಲಿ ಸ್ವೆಟರು, ಟವೆಲು, ಬಿಸಿ ನೀರಿನ ಫ್ಲಾಸ್ಕು, ಔಷಧಿ, ಇನ್ನೊಂದು ಸ್ವೆಟರು, ಕೊಡೆ. ಅತ್ತೆ ಆ ಚೀಲಕ್ಕೆ "ಅರ್ಧ ಮನೆ" ಎಂದು ಹೆಸರಿಟ್ಟಿದ್ದರು. ಕಾರು ಹೊರಟಿತು. ಸೊಸೆ ಮಗುವಿನ ಕಿವಿ ಮುಚ್ಚಿದಳು, ಪುಟ್ಟಿ ಕೈ ಕಿತ್ತೆಸೆದಳು. ಮಾವ ಕಾಲುನಡಿಗೆಯವರಿಗೂ ದಾರಿ ಬಿಡುವಷ್ಟು ನಿಧಾನ ಓಡಿಸುತ್ತಿದ್ದರು. ತರಕಾರಿ ಅಂಗಡಿಯವನು ತಕ್ಕಡಿ ಹಿಡಿದೇ ಕೂಗಿದ. "ಏನ್ ಮಾಸ್ಟರೇ, ಮೆರವಣಿಗೆನಾ?"

"ನಮ್ಮ ರಾಣಿ ಊರು ನೋಡೋಕೆ ಹೊರಟಿದಾಳೆ ಕಣಯ್ಯ!"

ಪುಟ್ಟಿ ರಾಣಿಯಂತೆಯೇ ಕೈ ಬೀಸಿದಳು. ಸೊಸೆಗೆ ನಗು ಬಂತು. ಎಷ್ಟೋ ದಿನಗಳ ಮೇಲೆ ಮೈ ಹಗುರಾದಂತೆ ಅನ್ನಿಸಿ ಅವಳೂ ಸೀಟಿಗೆ ಒರಗಿದಳು. ಆಹಾ, ಸೀಟೆಂದರೆ ಸೀಟು. ಬೆನ್ನಿನ ನೋವು ಎಲ್ಲಿದೆಯೋ ಅಲ್ಲಿಗೇ ಕೈ ಹಾಕಿದಂತಿತ್ತು.

ದೊಡ್ಡ ರಸ್ತೆ ಸೇರಿದ್ದರಷ್ಟೆ. ಗಾಳಿ ತಟ್ಟನೆ ನಿಂತಿತು. ಹಿಂದಿನಿಂದ, ಕಟ್ಟಡಗಳ ಬೆನ್ನಿಗೆ, ಯಾರ ಕಣ್ಣಿಗೂ ಬೀಳದೆ ಕಪ್ಪಗೆ ಎದ್ದಿದ್ದ ಮೋಡ ಒಂದೇ ಸಲಕ್ಕೆ ತಲೆಯ ಮೇಲೆ ಬಂದಿತ್ತು.

"ಮಾವ! ಹುಡ್ಡು!"

ಮಾವ ಕಾರನ್ನು ಪಕ್ಕಕ್ಕೆ ಹಾಕಿ ಇಳಿದೋಡಿ ಬಂದರು. ವಯಸ್ಸಾದವರೆಂದು ಯಾರೂ ಹೇಳುವಂತಿರಲಿಲ್ಲ. ಹುಡ್ಡು ಕಟ್ಟಿದ್ದ ಬೆಲ್ಟು ಬಿಚ್ಚಿ, ಕಮಾನುಗಳನ್ನು ಎತ್ತಿ, ಬಟ್ಟೆಯನ್ನು ಮುಂದಕ್ಕೆಳೆದು ಗಾಜಿನ ಮೇಲಂಚಿಗೆ ಕೊಕ್ಕೆ ಸಿಕ್ಕಿಸಿ, ಎರಡೂ ಬದಿಯ ಪರದೆಗಳ ಗುಂಡಿ ಹಾಕಿ ಮುಗಿಸುವುದಕ್ಕೂ ಮಳೆ ಬೀಳುವುದಕ್ಕೂ ಸರಿಹೋಯಿತು. ಅದು ಹನಿಯುವ ಮಳೆಯಲ್ಲ, ಕೊಡಪಾನ ಬೋರಲು ಹಾಕಿದಂಥ ಮಳೆ. ಮಾವ ಮುಂದಿನ ಸೀಟಿಗೆ ಹತ್ತಿ ಮತ್ತೆ ಕಾರು ಹೊರಡಿಸಿದರು. ಹುಡ್ಡಿನ ಮೇಲೆ ಡಮಡಮ ಸದ್ದು. ಸೊಸೆ ಮಗುವನ್ನು ಎದೆಗವಚಿಕೊಂಡು ಮೇಲೆ ನೋಡಿದಳು. ಕೆಂಪು ಒಳಮೈ. ಒಂದು ಹನಿ ಇಲ್ಲ. ಹೊಲಿಗೆಯ ಗೆರೆಯಲ್ಲಿ ಕೂಡ ಪಸೆ ಇಲ್ಲ.

"ಅಬ್ಬಾ" ಎಂದು ಉಸಿರು ಬಿಟ್ಟು ಮುಂದೆ ನೋಡಿದಳು.

ಮುಂದೆ ಮಾವ ನೆನೆಯುತ್ತಿದ್ದರು.

ಕಾರಿನೊಳಗೇ ಕೂತು, ಸ್ಟೀರಿಂಗ್ ಹಿಡಿದು, ಬಚ್ಚಲಲ್ಲಿ ಕೂತವರಂತೆ ನೆನೆಯುತ್ತಿದ್ದರು. ಓಡಿಸುವವರ ತಲೆಯ ಮೇಲೆ ಹುಡ್ಡಿನಲ್ಲಿ ಬಟ್ಟೆಯೇ ಇರಲಿಲ್ಲ. ಎರಡು ಕಮಾನುಗಳ ನಡುವೆ ಚೌಕನೆ ಆಕಾಶ. ಬಾಚಿದ್ದ ನಾಲ್ಕು ಕೂದಲು ಹಣೆಗೆ ಅಂಟಿ, ನೀರು ಬೋಳುತಲೆಯಿಂದ ಕಿವಿಗೆ, ಕಿವಿಯಿಂದ ಇಸ್ತ್ರಿ ಮಾಡಿದ ಕಾಲರಿಗೆ ಇಳಿಯುತ್ತಿತ್ತು.

"ತಾತನ ಹತ್ರ ಮಾತ್ರ ಮಳೆ ಬರ್ತಿದೆ ಅಮ್ಮ!" ಪುಟ್ಟಿಗೆ ಭಾರಿ ಆಶ್ಚರ್ಯ.

"ಏನಿದು ಮಾವ? ನಿಮ್ಮ ಮೇಲೆ ಹುಡ್ಡೇ ಇಲ್ವಲ್ಲ!"

"ಬಟ್ಟೆ ಸಾಲಲಿಲ್ಲಮ್ಮ."

"ಸಾಲಲಿಲ್ಲ ಅಂದ್ರೆ? ಇಷ್ಟೇ ಇಷ್ಟು ಜಾಗಕ್ಕಾ?"

ಮಾವ ಕಣ್ಣಿಗಿಳಿದ ನೀರನ್ನು ತೋಳಿನಿಂದ ಒರೆಸಿಕೊಂಡರು. ತಪ್ಪು ಮಾಡಿ ಸಿಕ್ಕಿಬಿದ್ದವರ ದನಿಯಲ್ಲಿ ಹೇಳಿದರು. "ಸಾಲ್ತಿತ್ತು. ಒಂದೇ ಪದರ ಹಾಕಿದ್ರೆ ಸಾಲ್ತಿತ್ತು. ಆದ್ರೆ ಹೊಲಿದ ಕಡೆ ಸೂಜಿ ತೂತು ಇರುತ್ತೆ ನೋಡು. ಜೋರು ಮಳೆಗೆ ಅದರಲ್ಲೇ ಒಂದು ಹನಿ ಇಳಿದ್ರೆ? ನೀನು ಹೇಳಿದ್ಯಲ್ಲಮ್ಮ, ಒಂದು ಹನಿ ಅಂತ. ಅದಕ್ಕೆ ಮಗು ಕೂರೋ ಕಡೆ ಎರಡು ಪದರ ಹಾಕಿದೆ. ಒಂದರ ಹೊಲಿಗೆ ಮೇಲೆ ಇನ್ನೊಂದರದು ಬರದ ಹಾಗೆ. ನಂದೇನು ಬಿಡು, ಆಮೇಲೆ ಬಟ್ಟೆ ತರಿಸಿದ್ರಾಯ್ತು ಅಂದ್ಕೊಂಡೆ. ಇವತ್ತು ಬಿಸಿಲಿತ್ತು. ಬಟ್ಟೆ ಬರೋವರೆಗೂ ಕಾದ್ರೆ, ಅಷ್ಟರಲ್ಲಿ ನಿನ್ನ ಮನಸ್ಸು ಬದಲಾದ್ರೆ?"

ಸೊಸೆ ಮತ್ತೆ ಮೇಲೆ ನೋಡಿದಳು. ಹೊರಗೆ ಕಂದು, ಒಳಗೆ ಕೆಂಪು. ಮಗುವಿನ ಹಾಸು, ಕಿಟಕಿಯ ಪರದೆ, ಮೇಜಿನ ಮೂಲೆಗಳು. ಹುಡ್ಡಿಗೆಂದು ವರ್ಷಗಟ್ಟಲೆ ಎತ್ತಿಟ್ಟಿದ್ದ ಬಟ್ಟೆಯನ್ನು ಅವಳ ಒಂದೊಂದು ಕೊರಗೂ ಒಂದೊಂದು ತುಂಡಾಗಿ ತಿಂದು ಹಾಕಿತ್ತು. ಕೊನೆಗೆ ಉಳಿದಿದ್ದನ್ನು ಅವಳ ಒಂದು ಹನಿ ನುಂಗಿತ್ತು.

"ಮೊದಲು ಕಾರು ನಿಲ್ಲಿಸಿ ಮಾವ. ಹಿಂದೆ ಬನ್ನಿ."

"ಇಲ್ಲೆಲ್ಲಿ ನಿಲ್ಲಿಸ್ಲಿ, ರಸ್ತೆ ನೀರು ತುಂಬ್ತಾ ಇದೆ. ಸಿನಿಮಾ ಮಂದಿರದವರೆಗೂ ಹೋಗೋಣ. ಅಲ್ಲಿ ಮುಂದೆ ಚಾವಣಿ ಇದೆ."

ಆಗ ಸೊಸೆ ಮಾಡಿದ ಕೆಲಸವನ್ನು ಊರು ಬಹಳ ದಿನ ಹೇಳಿಕೊಂಡು ನಕ್ಕಿತು. ಅರ್ಧ ಮನೆಯಿಂದ ಕೊಡೆ ತೆಗೆದು, ಹಿಂದಿನ ಸೀಟಿನ ಮೇಲೆ ಮಂಡಿಯೂರಿ, ಮುಂದಕ್ಕೆ ಬಾಗಿ, ಆ ಚೌಕದಿಂದ ಮೇಲಕ್ಕೆ ತೂರಿಸಿ ಬಿಚ್ಚಿದಳು. ಹಸಿರು ಕಾರಿನ ನೆತ್ತಿಯ ಮೇಲೆ ಹೂವಿನ ಚಿತ್ತಾರದ ಕೊಡೆಯೊಂದು ಅರಳಿ ನಿಂತಿತು. ಅವಳ ತೋಳು ಮೊಣಕೈವರೆಗೂ ತೊಯ್ದಿತು. ಮಾವ "ಬೇಡಮ್ಮ, ಬೇಡಮ್ಮ" ಎನ್ನುತ್ತಲೇ ಇದ್ದರು. "ನೀವು ಮುಂದೆ ನೋಡಿ ಓಡಿಸಿ ಮಾವ!" ಎಂದು ಅವಳು ಗದರಿಸಿದಳು. ಗದರಿಸಿದ್ದು ಅದೇ ಮೊದಲು. ಪುಟ್ಟಿ ತಾಯಿಯ ಸೆರಗು ಹಿಡಿದು "ಎಡಕ್ಕೆ ಅಮ್ಮ, ತಾತನ ಕಿವಿ ನೆನೀತಿದೆ" ಎಂದು ಮೇಲ್ವಿಚಾರಣೆಗೆ ನಿಂತಳು. ಅಷ್ಟರಲ್ಲಿ ಗಾಳಿ ಬೀಸಿ ಕೊಡೆ ಮಗುಚಿಕೊಂಡಿತು. ಮಗುಚಿ ಬಟ್ಟಲಾದ ಕೊಡೆಯಲ್ಲಿ ತುಂಬಿದ ನೀರೆಲ್ಲ ಒಟ್ಟಿಗೆ ಮಾವನ ತಲೆಯ ಮೇಲೆ ಸುರಿಯಿತು.

ಮೊದಲು ನಕ್ಕವರು ಮಾವ. "ಬರೀ ಮಳೆನೇ ವಾಸಿ ಇತ್ತಲ್ಲಮ್ಮ!"

ಸಿನಿಮಾ ಮಂದಿರದ ಚಾವಣಿಯ ಕೆಳಗೆ ಬೈಕುಗಳೂ ಜನರೂ ತುಂಬಿದ್ದರು. ಕಾರಿನ ಮೂತಿ, ಮುಂದಿನ ಸೀಟು ಅಷ್ಟೇ ಒಳಗೆ ಹೋಯಿತು. ಹಿಂಬದಿ ಹೊರಗೇ ಮಳೆಯಲ್ಲಿ ಉಳಿಯಿತು. ಟಿಕೆಟ್ ಹರಿಯುವವನು ಮಾವನನ್ನು ಗುರುತು ಹಿಡಿದು ಹತ್ತಿರ ಬಂದ.

"ಏನ್ ಮಾಸ್ಟರೇ, ತಲೆ ಮೇಲೆ ಕಿಟಕಿ ಇಡಿಸ್ಕೊಂಡಿದೀರಿ?"

"ಗಾಳಿ ಬರ್ಲಿ ಅಂತ ಕಣಯ್ಯ" ಎಂದು ಮಾವ ಇಳಿದು ಅಂಗಿಯ ತುದಿ ಹಿಂಡಿದರು. ಸೊಸೆಯೂ ಮುಂದಿನ ಸೀಟು ದಾಟಿ ಇಳಿದು ಚೀಲದಿಂದ ಟವೆಲು ಕೊಟ್ಟಳು. ಬಿಸಿ ನೀರನ್ನು ಮುಚ್ಚಳಕ್ಕೆ ಬಗ್ಗಿಸಿ ಕೊಟ್ಟಳು. ಮಗಳಿಗೆಂದು ತಂದಿದ್ದ ಎರಡು ಸ್ವೆಟರುಗಳಲ್ಲಿ ಒಂದನ್ನು ಅವರ ಕುತ್ತಿಗೆಗೆ ಮಫ್ಲರಿನಂತೆ ಸುತ್ತಿದಳು. ಮೊಲದ ಚಿತ್ರವಿದ್ದ ಸ್ವೆಟರು.

ಆಗಲೇ ಹಿಂದಿನ ಸೀಟಿನಿಂದ ಕಿಲಕಿಲ ನಗು ಕೇಳಿಸಿತು.

ಪುಟ್ಟಿ ಪಕ್ಕದ ಪರದೆಯ ಗುಂಡಿಯೊಂದನ್ನು ಬಿಚ್ಚಿ, ಸಂದಿಯಿಂದ ಕೈ ಹೊರಗೆ ಚಾಚಿದ್ದಳು. ಅಂಗೈ ಮೇಲ್ಮುಖವಾಗಿತ್ತು. ಅದರಲ್ಲಿ ಮಳೆ ಬಿದ್ದು ಬಿದ್ದು ಸಿಡಿಯುತ್ತಿತ್ತು. ಒಂದು ಹನಿಯಲ್ಲ, ಬೊಗಸೆ ಬೊಗಸೆ. ತೋಳೆಲ್ಲ ಒದ್ದೆ, ಫ್ರಾಕಿನ ಅಂಚು ಒದ್ದೆ.

ಮಾವ ನೋಡಿದರು. ಕೈಯಲ್ಲಿದ್ದ ಮುಚ್ಚಳ ಅಲ್ಲೇ ನಿಂತಿತು. ಅವರ ಕಣ್ಣು ಮೆಲ್ಲಗೆ ಸೊಸೆಯ ಕಡೆ ತಿರುಗಿತು. ಗಿರಾಕಿ ಎದುರಿಗಿರುವಾಗಲೇ ಹೊಲಿಗೆ ಬಿಟ್ಟುಕೊಂಡರೆ ಹೇಗೋ, ಅಂಥ ಮುಖ. ಎರಡು ಪದರ ಹಾಕಿದವರು ಈ ಗುಂಡಿಯನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಸೊಸೆಯೂ ನೋಡಿದ್ದಳು. ಹಳೆಯ ಭಯ ಎದ್ದು ಬಂತು. ಸಿಳ್ಳೆಯ ಸದ್ದು, ರಾತ್ರಿಯೆಲ್ಲ ಎದ್ದು ಕೂರುವುದು, ಎಲ್ಲ. ಬಾಯಿ ತೆರೆದೂ ಆಗಿತ್ತು. ಎದುರಿಗೆ ಆ ಮನುಷ್ಯ ಮೊಲದ ಸ್ವೆಟರು ಸುತ್ತಿಕೊಂಡು, ಮೂಗಿನ ತುದಿಯಿಂದ ನೀರು ತೊಟ್ಟಿಕ್ಕಿಸುತ್ತಾ, ಅವಳ ಒಂದು ಮಾತಿಗೆ ಕಾದು ನಿಂತಿದ್ದರು.

ಅವಳು ಮುಖ ತಿರುಗಿಸಿ ಗೋಡೆಯ ಮೇಲಿನ ಸಿನಿಮಾ ಚಿತ್ರಪಟದ ಕಡೆ ನೋಡಿದಳು.

"ಇದು ಹೊಸ ಸಿನಿಮಾನಾ ಮಾವ?"

ಮಾವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವರೂ ಅತ್ತ ತಿರುಗಿದರು. "ಹೂಂ" ಎಂದರು, ಬಾಯಲ್ಲಿ ಮೊಳೆಗಳಿದ್ದವರಂತೆ. ಸ್ವಲ್ಪ ತಡೆದು ಸೇರಿಸಿದರು. "ಅಳೋ ಸಿನಿಮಾ ಅನ್ಸುತ್ತೆ."

ಇಬ್ಬರೂ ಆ ಚಿತ್ರಪಟವನ್ನು ಬಹಳ ಹೊತ್ತು ನೋಡಿದರು. ಹಿಂದೆ ಪುಟ್ಟಿ ನಗುತ್ತಲೇ ಇದ್ದಳು. ಮಳೆ ಇಳಿಮುಖವಾದ ಮೇಲೆಯೇ ಸೊಸೆ ತಿರುಗಿದ್ದು. ಮಗಳ ಕೈ ಒರೆಸಿ, ಎರಡನೆಯ ಸ್ವೆಟರು ತೊಡಿಸಿ, ಗುಂಡಿ ಹಾಕಿದಳು.

ಮನೆಯಲ್ಲಿ ಅತ್ತೆ ಬಾಗಿಲಲ್ಲೇ ಕಾದಿದ್ದರು. "ನಿಮ್ಮ ತಲೆಯಲ್ಲಿ ಬುದ್ಧಿ ಅನ್ನೋದು ಇದೆಯೇನ್ರೀ? ಇದ್ದದ್ದೂ ಇವತ್ತು ಮಳೆಗೆ ತೊಳೆದು ಹೋಯ್ತಾ? ಮಗು ನೆನೀತೋ ಏನೋ, ಬಾರೇ ಇಲ್ಲಿ ಚಿನ್ನಾ!"

"ಮಗು ನೆನೀಲಿಲ್ಲ ಅತ್ತೆ" ಎಂದಳು ಸೊಸೆ, ಮಾವನಿಗಿಂತ ಮೊದಲೇ.

ಆ ರಾತ್ರಿ ಅವಳು ನಿದ್ದೆ ಮಾಡಿದಳೆಂದು ಹೇಳಲಾಗದು. ಮಗಳ ಎದೆಗೆ ಕಿವಿಯಿಟ್ಟು ಮತ್ತೆ ಮತ್ತೆ ಕೇಳಿದಳು. ಏನೂ ಇರಲಿಲ್ಲ. ಬೆಳಗಾದಾಗ ಕೆಮ್ಮು ಕೇಳಿಸಿದ್ದು ಕೆಳಗಿನ ಕೋಣೆಯಿಂದ. ಮಾವ ಕಂಬಳಿ ಹೊದ್ದು ಬುಸ್ ಬುಸ್ ಎಂದು ಮೂಗು ಸೆಳೆಯುತ್ತಾ, ಆವಿ ತೆಗೆದುಕೊಳ್ಳಲು ಒಲ್ಲೆನೆಂದು ಹಟ ಹಿಡಿದಿದ್ದರು. ಸೊಸೆ ಕಾಯಿಸಿದ ನೀರಿನ ಪಾತ್ರೆಯನ್ನು ಅವರ ಮುಂದಿಟ್ಟು, ತಲೆಯ ಮೇಲೆ ಟವೆಲು ಹೊದಿಸಿ, ಪುಟ್ಟಿಗೆ ಹೇಳುವ ದನಿಯಲ್ಲೇ "ಏಳಬಾರದು" ಎಂದಳು. ಟವೆಲಿನೊಳಗಿಂದ "ಹೂಂ" ಬಂತು.

ಮಾವ ಯಂತ್ರದ ಮುಂದೆ ಕೂರುವಷ್ಟು ಚೇತರಿಸಿಕೊಂಡ ದಿನ ಅವಳು ಮಗಳ ಕೋಣೆಯ ಕಿಟಕಿಯ ಪರದೆಯನ್ನು ಬಿಚ್ಚಿ ತಂದು ಕತ್ತರಿಸುವ ಮೇಜಿನ ಮೇಲೆ ಹಾಕಿದಳು.

"ನಿಮ್ಮ ತಲೆಗೆ ಇಷ್ಟು ಸಾಕಾಗುತ್ತಾ ಮಾವ?"

ಮಾವ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು. "ಅಳತೆ ಸಾಕು. ಆದ್ರೆ ಇದರ ತುಂಬ ಹಳೇ ಹೊಲಿಗೆ ತೂತು. ಸೋರುತ್ತೆ. ಮೇಣ ಉಜ್ಜಬೇಕಾಗುತ್ತೆ. ಕಿಟಕಿ ಎರಚಲಿಗೆ ಏನ್ ಮಾಡ್ತೀಯ?"

"ಕಿಟಕಿ ಬಾಗಿಲು ಹಾಕ್ಕೊಂಡ್ರಾಯ್ತು" ಎಂದಳು ಸೊಸೆ, ಈ ಉಪಾಯ ತನಗೆ ಇಷ್ಟು ದಿನ ಏಕೆ ಹೊಳೆಯಲಿಲ್ಲವೋ ಎಂಬಂತೆ.

ಮಾವ ಹೊಲಿದರು. ಭಾರದ ಬಟ್ಟೆ ಜಾರದಂತೆ ಅವಳು ಯಂತ್ರದ ಆಚೆ ಬದಿ ಹಿಡಿದು ನಿಂತಳು. ಆಮೇಲೆ ಕಾಲು ಚಾಚಿ ನೆಲದಲ್ಲಿ ಕೂತು ಮೇಣದ ಬತ್ತಿಯನ್ನು ಹೊಲಿಗೆಯ ಉದ್ದಕ್ಕೂ ಉಜ್ಜಿದಳು. ಉಜ್ಜಿದ ಮೇಲೆ ಬೆರಳಿನಿಂದ ಒತ್ತಿ ನೋಡಿದಳು, ಮತ್ತೆ ಉಜ್ಜಿದಳು. ಕೊರಗುವವರ ಕೈಗೆ ಹೇಳಿ ಮಾಡಿಸಿದ ಕೆಲಸ. ಒಂದು ತೂತನ್ನೂ ಅವಳು ಬಿಡಲಿಲ್ಲ.

ಮುಂದಿನ ರಜೆಯ ದಿನ ಕಾರು ಅಂಗಳದಿಂದ ಹೊರಗೆ ಬಂತು. ಪುಟ್ಟಿ ಹಿಂದಿನ ಸೀಟಿನಲ್ಲಿ ಬೆಲ್ಟು ಹಾಕಿಸಿಕೊಂಡು ಕೂತಿದ್ದಳು. ಸೊಸೆ ಗೇಟಿನ ಬಳಿ ಚೀಲ ಹಿಡಿದು ನಿಂತಿದ್ದಳು. ಮಾವ ಬಾಗಿಲು ತೆರೆದು ಕಾದರು. ಅವಳು ಹತ್ತಲಿಲ್ಲ. ಚೀಲವನ್ನು ಮಗಳ ಪಕ್ಕದಲ್ಲಿಟ್ಟಳು.

"ನೀನು ಬರಲ್ವಾ?" ಮಾವನ ದನಿ ಸಣ್ಣಗಾಯಿತು.

"ಅತ್ತೆ ಜೊತೆ ಕೆಲಸ ಇದೆ." ಆಕಾಶದ ಮೂಲೆಯಲ್ಲಿ ಅಂಗೈಯಷ್ಟು ಮೋಡವಿತ್ತು. ಅವಳು ಅದನ್ನು ನೋಡಿದಳು, ಭಯ ನುಂಗಿಕೊಂಡಳು. "ಮಾವ, ಒಂದು ಹನಿ ಬಿದ್ರೂ..."

ಮಾವ ಉಸಿರು ಹಿಡಿದರು.

"...ಮೊದಲು ನಿಮ್ಮ ಕಡೆ ಕೊಕ್ಕೆ ಸಿಕ್ಕಿಸ್ಕೊಳ್ಳಿ. ಆವಿ ಹಿಡಿಸೋಕೆ ನನ್ನ ಕೈಲಾಗಲ್ಲ."

ಕಾರು ಬೀದಿಯ ತಿರುವಿನಲ್ಲಿ ಮರೆಯಾಗುವವರೆಗೂ "ಪೋಂ ಪೋಂ" ಕೇಳಿಸುತ್ತಿತ್ತು. ಸೊಸೆ ಒಳಗೆ ಬಂದಳು. ಅತ್ತೆ ಕೇಳಿದರು, "ನಿಜವಾಗ್ಲೂ ಕಳಿಸಿಬಿಟ್ಯಾ?" ಅವಳು ಹೂಂ ಎಂದಳು. ಕೆಲಸವೇನೂ ಇರಲಿಲ್ಲ. ಪರದೆ ಇಲ್ಲದ ಕಿಟಕಿಯ ಮುಂದೆ ಕುರ್ಚಿ ಎಳೆದುಕೊಂಡು, ಆ ಅಂಗೈಯಷ್ಟು ಮೋಡದ ಮೇಲೆ ಕಣ್ಣಿಟ್ಟು ಕೂತಳು. ಮೈಯೆಲ್ಲ ಹಿತವಾಗಿ ಹಿಡಿದುಕೊಳ್ಳುವ ಕುರ್ಚಿ. ಅದನ್ನೂ ಯಾರೋ ಮೊದಲು ಕೂತು ನೋಡಿದ್ದರು.